ಮೈಗೂ ಹೊತ್ತು ಗೊತ್ತಿದೆ: ರೋಗನಿರೋಧಕ ಶಕ್ತಿಗಾಗಿ ದಿನದ ಗಡಿಯಾರವನ್ನು ಹದಕ್ಕೆ ತರುವ ಬಗೆ

ಬೆಳಿಗ್ಗೆ ಆರು ಗಂಟೆಗೆ ನನ್ನ ಅಮ್ಮನ ಕೈ ಕತ್ತರಿ ಹಿಡಿಯಲಾರದು. ಹಾಲಿನ ಪ್ಯಾಕೆಟ್ಟನ್ನು ಅಡುಗೆಕಟ್ಟೆಯ ಮೇಲಿಟ್ಟು, ಊದಿದ ಗೆಣ್ಣುಗಳನ್ನು ಬಿಸಿನೀರಿನ ಬೋಗುಣಿಯಲ್ಲಿ ಅದ್ದಿಕೊಂಡು, ನಮ್ಮಲ್ಲಿ ಯಾರಾದರೂ ಎದ್ದು ಬರಲಿ ಎಂದು ಕಾಯುತ್ತಾ ನಿಂತಿರುತ್ತಾಳೆ. ಹತ್ತೂವರೆಗೆ ಅದೇ ಬೆರಳುಗಳು ಮಲ್ಲಿಗೆ ಮೊಗ್ಗುಗಳನ್ನು ಎರಡೆರಡಾಗಿ ಜೋಡಿಸಿ, ನಾರು ಸುತ್ತಿ, ಗಂಟು ಬಿಗಿಯುತ್ತವೆ. ಮೊದಮೊದಲು ನಮಗಿದು ಅರ್ಥವಾಗುತ್ತಿರಲಿಲ್ಲ. ಇಷ್ಟು ಚೆನ್ನಾಗಿ ಹೂ ಕಟ್ಟುವವಳಿಗೆ ಬೆಳಿಗ್ಗೆ ಅಷ್ಟೊಂದು ನೋವು ಹೇಗೆ ಎಂದು ನಾನೇ ಒಮ್ಮೆ ಕೇಳಿಬಿಟ್ಟಿದ್ದೆ. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಕೀಲುರೋಗದ ವೈದ್ಯರು ಕೈ ಮುಟ್ಟಿ ನೋಡುವ ಮೊದಲೇ ಕೇಳಿದ್ದು ಹೊತ್ತಿನ ಲೆಕ್ಕ: "ಎದ್ದ ಮೇಲೆ ಬೆರಳಿನ ಬಿಗಿತ ಬಿಡಲು ಎಷ್ಟು ಹೊತ್ತು ಹಿಡಿಯುತ್ತದೆ ಅಮ್ಮ?" ಒಂದೂವರೆ ಗಂಟೆ ಎಂದಳು. ಸವೆತದಿಂದ ಬರುವ ಮಂಡಿನೋವಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲುತ್ತದೆ. ಗಂಟೆಗೂ ಮೀರಿ ಉಳಿದರೆ ರುಮಟಾಯ್ಡ್ ಸಂಧಿವಾತದ ಅನುಮಾನ ಬಲವಾಗುತ್ತದೆ. ರೋಗನಿರೋಧಕ ವ್ಯವಸ್ಥೆ ತನ್ನದೇ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆ ಅದು. ಉರಿಯೂತ ಹುಟ್ಟಿಸುವ ಇಂಟರ್‌ಲ್ಯೂಕಿನ್-6 ಎಂಬ ರಾಸಾಯನಿಕ ಈ ರೋಗಿಗಳ ರಕ್ತದಲ್ಲಿ ನಡುರಾತ್ರಿ ದಾಟಿದ ಮೇಲೆ ಏರುತ್ತಾ ಹೋಗಿ, ಬೆಳಗಿನ ಜಾವದಲ್ಲಿ ತುದಿ ಮುಟ್ಟುತ್ತದೆ. ಅಮ್ಮನ ಕೈ ಸುಳ್ಳು ಹೇಳುತ್ತಿರಲಿಲ್ಲ, ಹೊತ್ತು ಹೇಳುತ್ತಿತ್ತು.

ಆ ದಿನದಿಂದ ಈ ವಿಷಯವನ್ನು ಹಿಡಿದು ಓದುತ್ತಾ ಬಂದಿದ್ದೇನೆ. ರೋಗನಿರೋಧಕ ಶಕ್ತಿ ಹೆಚ್ಚಿಸಿಕೊಳ್ಳಲು ಏನು ತಿನ್ನಬೇಕು, ಏನು ಕುಡಿಯಬೇಕು ಎಂದು ನಾವು ಕೇಳುತ್ತೇವೆ. ಯಾವಾಗ ಎಂದು ಕೇಳುವವರು ಕಡಿಮೆ. ನನ್ನ ಮಟ್ಟಿಗೆ ಮೊದಲು ಕೇಳಬೇಕಾದದ್ದು ಅದನ್ನೇ.

ಒಳಗಿನ ಗಡಿಯಾರದ ಬಗ್ಗೆ ತಿಳಿದಿರಬೇಕಾದಷ್ಟು

ಮಲೆನಾಡಿನ ದಾರಿಬದಿಯಲ್ಲಿ ಬೆಳೆಯುವ ಮುಟ್ಟಿದರೆ ಮುನಿ ಗಿಡವನ್ನು ನೋಡಿದ್ದೀರಲ್ಲ, ಸಂಜೆಯಾದರೆ ತಾನಾಗಿಯೇ ಎಲೆ ಮುಚ್ಚುತ್ತದೆ. 1729ರಲ್ಲಿ ಫ್ರಾನ್ಸಿನ ಖಗೋಳಜ್ಞ ಡಿ ಮೆರಾನ್ ಅಂಥದೇ ಗಿಡವನ್ನು ಬೆಳಕೇ ಬಾರದ ಕಡೆ ಇಟ್ಟು ನೋಡಿದ. ಕತ್ತಲಲ್ಲಿಯೂ ಅದು ಹಗಲಾಗುವ ಹೊತ್ತಿಗೆ ಎಲೆ ಬಿಚ್ಚಿತು, ರಾತ್ರಿಯ ಹೊತ್ತಿಗೆ ಮುಚ್ಚಿತು. ಸೂರ್ಯ ಕಾಣದಿದ್ದರೂ ಹೊತ್ತು ತಿಳಿಸುವುದು ಏನೋ ಒಳಗೇ ಇದೆ ಎಂಬ ಮೊದಲ ಸುಳಿವು ಸಿಕ್ಕಿದ್ದು ಹೀಗೆ. ಅದು ಏನು ಎಂಬುದನ್ನು ಹಣ್ಣುನೊಣದ ಜೀನ್‌ಗಳಲ್ಲಿ ಬಿಡಿಸಿ ತೋರಿಸಿದ್ದಕ್ಕೆ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬ್ಯಾಶ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರ ನೊಬೆಲ್ ಬಂತು. ನಮ್ಮಲ್ಲಿ ಈ ವಿಜ್ಞಾನಕ್ಕೆ ಬುನಾದಿ ಹಾಕಿದವರು ಎಂ.ಕೆ. ಚಂದ್ರಶೇಖರನ್. ಮದುರೈಯಲ್ಲಿ ಗುಹೆಯ ಬಾವಲಿಗಳನ್ನು ಅಭ್ಯಾಸ ಮಾಡಿದ ಅವರು ಮುಂದೆ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಬಂದರು. ಆ ಕೇಂದ್ರದಲ್ಲಿ ಹಣ್ಣುನೊಣಗಳ ದಿನಚರಿಯ ಅಧ್ಯಯನ ಅವರ ನಂತರವೂ ಮುಂದುವರಿಯಿತು.

ಮನುಷ್ಯನ ಮುಖ್ಯ ಗಡಿಯಾರ ಇರುವುದು ಮಿದುಳಿನ ಹೈಪೊಥಲಾಮಸ್‌ನಲ್ಲಿ. ಸುಮಾರು 20,000 ನರಕೋಶಗಳ ಪುಟ್ಟ ಗೊಂಚಲು ಅದು. ಕಣ್ಣಿನಿಂದ ಬರುವ ಬೆಳಕಿನ ಸುದ್ದಿ ನೇರವಾಗಿ ಅಲ್ಲಿಗೆ ತಲುಪುತ್ತದೆ. ಸರಾಸರಿ ಮನುಷ್ಯನ ಒಳಗಡಿಯಾರದ ಒಂದು ಸುತ್ತು 24 ಗಂಟೆಗಿಂತ ಸುಮಾರು ಹತ್ತು ನಿಮಿಷ ಉದ್ದ. ಅಂದರೆ ಬಿಟ್ಟರೆ ದಿನದಿನವೂ ಸ್ವಲ್ಪ ಹಿಂದೆ ಬೀಳುತ್ತದೆ. ಅದನ್ನು ಮತ್ತೆ ಮುಂದಕ್ಕೆ ತಿರುಗಿಸಿ ಸರಿಮಾಡುವುದು ಬೆಳಗಿನ ಬೆಳಕು.

ಯಕೃತ್ತು, ಕರುಳು, ಚರ್ಮ, ಬಿಳಿ ರಕ್ತಕಣ ಎಲ್ಲಕ್ಕೂ ತಮ್ಮ ತಮ್ಮ ಗಡಿಯಾರವಿದೆ. ಮಿದುಳಿನದು ದೇವಸ್ಥಾನದ ದೊಡ್ಡ ಗಂಟೆ, ಉಳಿದವು ಅದನ್ನು ಕೇಳಿ ಹೊತ್ತು ಹೊಂದಿಸಿಕೊಳ್ಳುವ ಮನೆಮನೆಯ ಗಡಿಯಾರಗಳು ಎಂದುಕೊಳ್ಳಿ. ಆ ಗಂಟೆಯ ಸದ್ದು ಹೋಗುವುದು ಹಾರ್ಮೋನುಗಳ ಮೂಲಕ, ಮೈಯ ಬಿಸಿಯ ಏರಿಳಿತದ ಮೂಲಕ, ಊಟದ ಹೊತ್ತಿನ ಮೂಲಕ. ಬೆಳಿಗ್ಗೆ ಏಳುವ ಹೊತ್ತಿಗೆ ಕಾರ್ಟಿಸಾಲ್ ಎಂಬ ಹಾರ್ಮೋನು ಏರುತ್ತದೆ. ಅದು ಉರಿಯೂತವನ್ನು ತಗ್ಗಿಸುತ್ತದೆ, ರಕ್ತದಲ್ಲಿ ಸುತ್ತುತ್ತಿರುವ ಲಿಂಫೊಸೈಟ್ ಎಂಬ ಬಿಳಿಕಣಗಳನ್ನು ಅಂಗಾಂಶಗಳ ಕಡೆಗೆ ಕಳಿಸುತ್ತದೆ. ಸಂಜೆ ಕತ್ತಲಾದ ಮೇಲೆ, ರಾತ್ರಿಯಾಯಿತೆಂದು ಮೈಗೆ ತಿಳಿಸುವ ಮೆಲಟೋನಿನ್ ಎಂಬ ಹಾರ್ಮೋನು ಏರುತ್ತದೆ, ಕಾರ್ಟಿಸಾಲ್ ತಳ ಕಾಣುತ್ತದೆ. ಲಿಂಫೊಸೈಟ್‌ಗಳ ಎಣಿಕೆ ರಕ್ತದಲ್ಲಿ ಹೆಚ್ಚಾಗುವುದು ರಾತ್ರಿ. ಮೊದಲ ಜಾವದ ಗಾಢನಿದ್ದೆಯಲ್ಲಿ ಹಗಲು ಒಳಬಂದ ರೋಗಾಣುವಿನ ಗುರುತನ್ನು ಒಂದು ಬಗೆಯ ಕೋಶ ಇನ್ನೊಂದಕ್ಕೆ ತೋರಿಸಿ ನೆನಪಿನಲ್ಲಿ ಇರಿಸುವ ಕೆಲಸ ಚುರುಕಾಗುತ್ತದೆ. ನಮ್ಮ ಮೈ ಕಾಯುವವರಿಗೂ ಹಗಲು ಪಾಳಿ, ರಾತ್ರಿ ಪಾಳಿ ಇವೆ.

ಈ ಗಡಿಯಾರ ಕೆಟ್ಟರೆ ಏನಾಗುತ್ತದೆ ಎಂಬುದನ್ನು ಕೇಂಬ್ರಿಜ್ ವಿಶ್ವವಿದ್ಯಾಲಯದವರು 2016ರಲ್ಲಿ ಇಲಿಗಳಲ್ಲಿ ತೋರಿಸಿದರು. ವಿಶ್ರಾಂತಿಯ ಹೊತ್ತು ಶುರುವಾಗುವಾಗ ಹರ್ಪಿಸ್ ವೈರಸ್ ತಗುಲಿದರೆ ಅದು ಬೇರೆ ಹೊತ್ತಿಗಿಂತ ಹತ್ತು ಪಟ್ಟು ಹೆಚ್ಚು ಬೆಳೆಯಿತು. ಗಡಿಯಾರದ ಜೀನ್ ಒಂದನ್ನು ತೆಗೆದುಹಾಕಿದ ಇಲಿಗಳಲ್ಲಿ ಯಾವ ಹೊತ್ತಿನಲ್ಲಿ ತಗುಲಿದರೂ ವೈರಸ್ ಹೆಚ್ಚಾಗಿಯೇ ಬೆಳೆಯಿತು. ಹೊತ್ತು ಗೊತ್ತು ಇಲ್ಲದ ಮೈಗೆ ಕಾವಲಿನ ಹೊತ್ತೂ ತಪ್ಪುತ್ತದೆ.

ಇನ್ನು ಮಾಡಬೇಕಾದದ್ದಕ್ಕೆ ಬರೋಣ. ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ. ಒಂದು ಹೆಜ್ಜೆ ಮೈಗೂಡಲು ಒಂದೆರಡು ವಾರ ಕೊಡಿ.

ಮೊದಲ ಹೆಜ್ಜೆ: ಒಂದು ವಾರ ಬರೆದಿಡಿ

ಹಳೆಯ ಡೈರಿಯೋ ಶಾಲೆಯ ನೋಟ್‌ಪುಸ್ತಕವೋ ಸಾಕು. ದಿನಕ್ಕೆ ಐದು ಸಂಗತಿ ಬರೆಯಿರಿ: ಎದ್ದ ಹೊತ್ತು, ಮೊದಲ ಬಾರಿ ಹೊರಗಿನ ಬೆಳಕಿಗೆ ಬಂದ ಹೊತ್ತು, ಮೊದಲ ತುತ್ತು ಮತ್ತು ಕೊನೆಯ ತುತ್ತಿನ ಹೊತ್ತು, ದೀಪ ಆರಿಸಿದ ಹೊತ್ತು. ಹಾಲು ಸಕ್ಕರೆ ಹಾಕಿದ ಕಾಫಿಯೂ ತುತ್ತೇ, ರಾತ್ರಿ ಟಿವಿ ಮುಂದೆ ಕುಳಿತು ತಿಂದ ನಿಪ್ಪಟ್ಟೂ ತುತ್ತೇ. ನೋವು, ಸೀನು, ಕೆಮ್ಮು, ತುರಿಕೆ ಏನಿದ್ದರೂ ಅದರ ಮುಂದೆ ಗಂಟೆ ಹಾಕಿ.

ವಾರ ಕಳೆದ ಮೇಲೆ ಒಂದೇ ಒಂದು ಲೆಕ್ಕ ಮಾಡಿ. ಕೆಲಸದ ದಿನ ನಿಮ್ಮ ನಿದ್ದೆಯ ನಡುಗಂಟೆ ಯಾವುದು, ರಜೆಯ ದಿನ ಯಾವುದು? ಹನ್ನೊಂದಕ್ಕೆ ಮಲಗಿ ಐದಕ್ಕೆ ಎದ್ದರೆ ನಡುಗಂಟೆ ಎರಡು. ಭಾನುವಾರ ಒಂದಕ್ಕೆ ಮಲಗಿ ಒಂಬತ್ತಕ್ಕೆ ಎದ್ದರೆ ಐದು. ಮೂರು ಗಂಟೆಯ ಅಂತರ. ಊರು ಬಿಡದೆಯೇ ನೀವು ಪ್ರತಿ ವಾರ ಮೂರು ಗಂಟೆ ದೂರದ ದೇಶಕ್ಕೆ ಹೋಗಿಬಂದಂತೆ. ಒಂದು ಗಂಟೆಯೊಳಗೆ ಇದ್ದರೆ ನಿಮ್ಮ ಗಡಿಯಾರ ಬಹುಮಟ್ಟಿಗೆ ನೆಟ್ಟಗಿದೆ.

ಎರಡನೆಯದು: ಏಳುವ ಹೊತ್ತನ್ನು ನೆಡಿ

ಮಲಗುವ ಹೊತ್ತನ್ನು ಸರಿಪಡಿಸಲು ಹೊರಟವರು ಸೋಲುತ್ತಾರೆ. ನಿದ್ದೆ ಕರೆದಾಗ ಬರುವ ವಸ್ತುವಲ್ಲ. ಏಳುವುದು ನಮ್ಮ ಕೈಯಲ್ಲಿದೆ. ಅದನ್ನು ಭಾನುವಾರವೂ ಸೇರಿ ಒಂದೇ ಹೊತ್ತಿಗೆ ನೆಟ್ಟರೆ ಮಲಗುವ ಹೊತ್ತು ಕೆಲವು ದಿನಗಳಲ್ಲಿ ತಾನಾಗಿ ಹಿಂದೆ ಸರಿಯುತ್ತದೆ. ಈಗ ಎಂಟಕ್ಕೆ ಏಳುವವರು ನಾಳೆಯೇ ಬ್ರಾಹ್ಮೀ ಮುಹೂರ್ತಕ್ಕೆ ಹಾರಬೇಕಿಲ್ಲ. ಮೂರು ನಾಲ್ಕು ದಿನಕ್ಕೊಮ್ಮೆ ಹದಿನೈದು ನಿಮಿಷ ಹಿಂದಕ್ಕೆ ತನ್ನಿ.

ಎಷ್ಟು ನಿದ್ದೆ ಬೇಕು ಎಂಬುದಕ್ಕೆ ನನ್ನ ಮನಸ್ಸಿನಲ್ಲಿ ನಾಟಿದ ಪ್ರಯೋಗವೊಂದಿದೆ. 164 ಆರೋಗ್ಯವಂತರ ಒಂದು ವಾರದ ನಿದ್ದೆಯನ್ನು ಕೈಗೆ ಕಟ್ಟಿದ ಸಾಧನದಿಂದ ಅಳೆದು, ಆಮೇಲೆ ಅವರ ಮೂಗಿಗೆ ನೆಗಡಿಯ ವೈರಸ್ ಹನಿಸಿದರು. 2015ರಲ್ಲಿ ಪ್ರಕಟವಾದ ಈ ಅಮೆರಿಕದ ಅಧ್ಯಯನದಲ್ಲಿ, ಏಳು ಗಂಟೆಗಿಂತ ಹೆಚ್ಚು ಮಲಗಿದವರಿಗೆ ಹೋಲಿಸಿದರೆ ಆರು ಗಂಟೆಗಿಂತ ಕಡಿಮೆ ಮಲಗಿದವರಿಗೆ ನೆಗಡಿ ಹಿಡಿಯುವ ಸಂಭವ ನಾಲ್ಕು ಪಟ್ಟಿಗೂ ಹೆಚ್ಚಿತ್ತು. ವೈರಸ್ ಎಲ್ಲರಿಗೂ ಹಾಕಿದ್ದು ಒಂದೇ. ಮನೆಯಲ್ಲಿ ಎಲ್ಲರಿಗೂ ಒಂದೇ ಗಾಳಿ, ಒಬ್ಬರಿಗೆ ಮಾತ್ರ ನೆಗಡಿ ಎಂಬುದನ್ನು ನೋಡಿದಾಗಲೆಲ್ಲ ಇದು ನೆನಪಾಗುತ್ತದೆ. ದೊಡ್ಡವರಿಗೆ ಏಳು ಗಂಟೆಯಾದರೂ ಬೇಕು, ಓದುವ ಮಕ್ಕಳಿಗೆ ಇನ್ನೂ ಹೆಚ್ಚು. ಪರೀಕ್ಷೆಯ ತಿಂಗಳಲ್ಲಿ ಮಕ್ಕಳನ್ನು ನಾಲ್ಕು ಗಂಟೆಗೆ ಎಬ್ಬಿಸುವ ತಂದೆತಾಯಿ ಅವರನ್ನು ಒಂಬತ್ತಕ್ಕೆ ಮಲಗಿಸುವ ಹೊಣೆಯನ್ನೂ ಹೊರಬೇಕು.

ಮೂರನೆಯದು: ಬೆಳಗಿನ ಬೆಳಕು

ಈ ಲೇಖನದಲ್ಲಿ ಒಂದನ್ನೇ ಪಾಲಿಸಲು ನಿಮಗೆ ಸಾಧ್ಯ ಎಂದಾದರೆ ಇದನ್ನು ಪಾಲಿಸಿ. ಎದ್ದ ಒಂದು ಗಂಟೆಯೊಳಗೆ, ಇಪ್ಪತ್ತರಿಂದ ಮೂವತ್ತು ನಿಮಿಷ, ಮನೆಯ ಹೊರಗೆ ಇರಿ.

ಕಿಟಕಿಯ ಪಕ್ಕ ಕುಳಿತರೆ ಸಾಲದೆ ಎಂದು ಅನೇಕರು ಕೇಳುತ್ತಾರೆ. ಸಾಲದು. ಟ್ಯೂಬ್‌ಲೈಟ್ ಹಾಕಿದ ನಮ್ಮ ನಡುಮನೆಯಲ್ಲಿ ಬೆಳಕಿನ ಅಳತೆ ನೂರಿನ್ನೂರು ಲಕ್ಸ್ ಇರಬಹುದು. ಕಣ್ಣು ಹೊಂದಿಕೊಳ್ಳುವುದರಿಂದ ಅದು ನಮಗೆ ಬೆಳಕಾಗಿಯೇ ಕಾಣುತ್ತದೆ. ಮೋಡ ಕವಿದ ದಿನವೂ ಹೊರಗೆ ಸಾವಿರಾರು ಲಕ್ಸ್ ಇರುತ್ತದೆ, ಬಿಸಿಲಿದ್ದರೆ ಹತ್ತಾರು ಸಾವಿರ. ಕಣ್ಣಿನ ಪರದೆಯಲ್ಲಿ ನೋಟಕ್ಕಿಂತ ಹೆಚ್ಚಾಗಿ ಹೊತ್ತು ತಿಳಿಯಲೆಂದೇ ಇರುವ ಕೋಶಗಳಿವೆ. ಮೆಲನಾಪ್ಸಿನ್ ಎಂಬ ವರ್ಣಕವುಳ್ಳ ಆ ಕೋಶಗಳು ಆಕಾಶದ ನೀಲಿ ಬೆಳಕಿಗೆ ಚೆನ್ನಾಗಿ ಸ್ಪಂದಿಸುತ್ತವೆ. ಸೂರ್ಯನನ್ನು ನೇರ ನೋಡಬಾರದು, ನೋಡಬೇಕಾಗಿಯೂ ಇಲ್ಲ. ತೆರೆದ ಆಕಾಶದ ಕೆಳಗೆ ಇದ್ದರಾಯಿತು.

ಕರ್ನಾಟಕದಲ್ಲಿ ನಮಗೆ ಇದೊಂದು ಭಾಗ್ಯ. ವರ್ಷವಿಡೀ ಸೂರ್ಯ ಹುಟ್ಟುವುದು ಸುಮಾರು ಐದೂ ಮುಕ್ಕಾಲರಿಂದ ಏಳರ ಒಳಗೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡುವ ಹೆಂಗಸರು, ದನ ಬಿಚ್ಚುವ ರೈತರು, ಹಾಲು ಹಾಕುವವರು ಯಾರೂ ಹೇಳದೆಯೇ ಈ ಬೆಳಕನ್ನು ಪಡೆಯುತ್ತಾರೆ. ತಪ್ಪಿಸಿಕೊಳ್ಳುವವರು ಫ್ಲಾಟಿನಿಂದ ಲಿಫ್ಟಿಗೆ, ಲಿಫ್ಟಿನಿಂದ ನೆಲಮಾಳಿಗೆಯ ಕಾರಿಗೆ, ಕಾರಿನಿಂದ ಕಚೇರಿಗೆ ಹೋಗುವವರು. ಮಳೆಗಾಲದಲ್ಲಿ ಜಗುಲಿಯಲ್ಲಿ, ಬಾಲ್ಕನಿಯಲ್ಲಿ ಕುಳಿತು ಕಾಫಿ ಕುಡಿಯಿರಿ. ವಯಸ್ಸಾದವರಿಗೆ ಕುರ್ಚಿಯನ್ನು ಅಂಗಳಕ್ಕೆ ಹಾಕಿಕೊಡಿ. ಕಣ್ಣಿನ ಪೊರೆ ಬೆಳೆದವರಿಗೆ ಒಳಹೋಗುವ ಬೆಳಕೇ ಕಡಿಮೆ, ಅವರಿಗೆ ಇದು ಇನ್ನೂ ಅಗತ್ಯ. ಹೊರದೇಶದಲ್ಲಿರುವ ನಮ್ಮವರ ಪಾಡು ಬೇರೆ. ಲಂಡನ್ನಿನಲ್ಲಿ ಡಿಸೆಂಬರ್ ಕೊನೆಗೆ ಸೂರ್ಯ ಕಾಣುವುದೇ ಎಂಟರ ಮೇಲೆ. ಅಲ್ಲಿ ಬೆಳಗಿನ ಹೊತ್ತು 10,000 ಲಕ್ಸ್‌ನ ಚಿಕಿತ್ಸಾ ದೀಪದ ಮುಂದೆ ಅರ್ಧ ಗಂಟೆ ಕುಳಿತುಕೊಳ್ಳುವ ವಾಡಿಕೆಯಿದೆ. ಕಣ್ಣಿನ ಕಾಯಿಲೆ ಇರುವವರು ಮೊದಲು ವೈದ್ಯರನ್ನು ಕೇಳಬೇಕು.

ಇದರ ಬಲವನ್ನು ತೋರಿಸಿದ್ದು ಕೊಲೊರಾಡೊದ ಒಂದು ಸಣ್ಣ ಪ್ರಯೋಗ. ಎಂಟು ಮಂದಿಯನ್ನು ಒಂದು ವಾರ ಬೆಟ್ಟದಲ್ಲಿ ಡೇರೆ ಹಾಕಿ ಇರಿಸಿದರು. ಟಾರ್ಚ್ ಇಲ್ಲ, ಮೊಬೈಲ್ ಇಲ್ಲ. ಹಗಲಿಗೆ ಬಿಸಿಲು, ರಾತ್ರಿಗೆ ಒಲೆಯ ಬೆಂಕಿ. ವಾರ ಮುಗಿಯುವಷ್ಟರಲ್ಲಿ ಅವರ ಮೆಲಟೋನಿನ್ ಏರುವ ಹೊತ್ತು ಸುಮಾರು ಎರಡು ಗಂಟೆ ಹಿಂದಕ್ಕೆ ಬಂದಿತ್ತು. ರಾತ್ರಿ ಗೂಬೆಗಳೆಂದು ಕರೆಸಿಕೊಂಡಿದ್ದವರೂ ಬೇಗ ಮಲಗತೊಡಗಿದ್ದರು.

ನಾಲ್ಕನೆಯದು: ಊಟದ ಹೊತ್ತು, ಸಂಜೆಯ ದೀಪ

ಮಿದುಳಿನ ಗಡಿಯಾರಕ್ಕೆ ಬೆಳಕು ಹೇಗೋ ಯಕೃತ್ತು ಮತ್ತು ಕರುಳಿನ ಗಡಿಯಾರಕ್ಕೆ ಅನ್ನ ಹಾಗೆ. ಕರುಳಿನ ಗೋಡೆಯ ಉದ್ದಕ್ಕೂ ರೋಗನಿರೋಧಕ ಕೋಶಗಳು ದಟ್ಟವಾಗಿವೆ. ಮಿದುಳು ರಾತ್ರಿ ಎನ್ನುತ್ತಿರುವಾಗ ಹೊಟ್ಟೆಗೆ ಬಿರಿಯಾನಿ ಬಿದ್ದರೆ ಎರಡು ಗಡಿಯಾರಗಳೂ ಎರಡು ಹೊತ್ತು ತೋರಿಸುತ್ತವೆ. ಅದೇ ಊಟ ಹಗಲಿಗಿಂತ ರಾತ್ರಿ ರಕ್ತದ ಸಕ್ಕರೆಯನ್ನು ಹೆಚ್ಚು ಏರಿಸುತ್ತದೆ. ಏರಿದ ಸಕ್ಕರೆ ಸೋಂಕಿಗೆ ಹೇಗೆ ದಾರಿ ಮಾಡುತ್ತದೆಂದು ಮಧುಮೇಹಿಗಳಿರುವ ಮನೆಯವರಿಗೆ ಹೇಳಬೇಕಿಲ್ಲ.

ಮೊದಲ ತುತ್ತಿನಿಂದ ಕೊನೆಯ ತುತ್ತಿನವರೆಗೆ ಹನ್ನೆರಡು ಗಂಟೆ ಮೀರದಂತೆ ನೋಡಿಕೊಳ್ಳಿ. ಮಲಗುವುದಕ್ಕೆ ಮೂರು ಗಂಟೆ ಮೊದಲು ಊಟ ಮುಗಿಯಲಿ. ನಮ್ಮ ನಾಡಿನ ಜೈನ ಮನೆಗಳಲ್ಲಿ ಸೂರ್ಯ ಮುಳುಗುವ ಮೊದಲೇ ಎಲೆ ಎತ್ತುವ ಪದ್ಧತಿ ಇದೆ. ಅಷ್ಟು ಕಟ್ಟುನಿಟ್ಟು ಎಲ್ಲರಿಗೂ ಆಗದು, ಎಂಟು ಗಂಟೆಗೆ ಮುಗಿಸಿದರೂ ಒಳ್ಳೆಯದೇ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟದ ಹೊತ್ತು ಬದಲಿಸಕೂಡದು. ಕಾಫಿ ಮಧ್ಯಾಹ್ನ ಎರಡರ ಒಳಗೆ ಸಾಕು. ಕುಡಿದ ಕೆಫೀನಿನ ಅರ್ಧ ಐದಾರು ಗಂಟೆಯ ನಂತರವೂ ರಕ್ತದಲ್ಲಿ ಇರುತ್ತದೆ.

ಸಂಜೆ ದೀಪ ಹಚ್ಚಿದ ಮೇಲೆ ಮನೆಯ ಬೆಳಕು ಕೆಳಗಿಳಿಯಲಿ. ಚಾವಣಿಯ ಬಿಳಿ ಎಲ್‌ಇಡಿ ಆರಿಸಿ, ಹಳದಿ ಬಣ್ಣದ ಸಣ್ಣ ಬಲ್ಬು ಮೂಲೆಯಲ್ಲಿ ಹಾಕಿದರೆ ಕೋಣೆ ಸಂಜೆಯಂತೆಯೇ ಇರುತ್ತದೆ. ಮೊಬೈಲನ್ನು ಮಲಗುವ ಕೋಣೆಯಿಂದ ಹೊರಗೆ ಚಾರ್ಜಿಗೆ ಇಡಿ, ಅಲಾರಂಗೆ ಇನ್ನೂರು ರೂಪಾಯಿಯ ಗಡಿಯಾರ ಸಿಗುತ್ತದೆ.

ಐದನೆಯದು: ಲಸಿಕೆಯ ದಿನ

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು 65 ದಾಟಿದ 276 ಮಂದಿಗೆ ಫ್ಲೂ ಲಸಿಕೆಯನ್ನು ಕೆಲವರಿಗೆ ಬೆಳಿಗ್ಗೆ 9ರಿಂದ 11ರ ನಡುವೆ, ಕೆಲವರಿಗೆ ಮಧ್ಯಾಹ್ನ 3ರಿಂದ 5ರ ನಡುವೆ ಕೊಟ್ಟರು. 2016ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಲಸಿಕೆಯಲ್ಲಿದ್ದ ಮೂರು ವೈರಸ್ ತಳಿಗಳಲ್ಲಿ ಎರಡರ ವಿರುದ್ಧ ಬೆಳಗಿನವರಲ್ಲಿ ಹೆಚ್ಚು ಪ್ರತಿಕಾಯ, ಅಂದರೆ ರೋಗಾಣುವನ್ನು ಎದುರಿಸುವ ವಸ್ತು, ಹುಟ್ಟಿತ್ತು. ಆದ್ದರಿಂದ ಮನೆಯ ಹಿರಿಯರಿಗೆ ಫ್ಲೂ ಲಸಿಕೆ ಹಾಕಿಸುವುದಿದ್ದರೆ ಬೆಳಗಿನ ಹೊತ್ತನ್ನೇ ಕೇಳಿ ಪಡೆಯಿರಿ. ಖರ್ಚಿಲ್ಲ, ನಷ್ಟವಿಲ್ಲ. ಆದರೆ ಬೆಳಗಿನ ಹೊತ್ತು ಸಿಗಲಿಲ್ಲವೆಂದು ಲಸಿಕೆಯನ್ನೇ ಮುಂದೂಡಬೇಡಿ. ಮಕ್ಕಳ ಲಸಿಕೆಯನ್ನಂತೂ ಆಶಾ ಕಾರ್ಯಕರ್ತೆಯರು ಕರೆದ ದಿನ, ಕರೆದ ಹೊತ್ತಿಗೆ ಹಾಕಿಸಿ.

ಲಸಿಕೆ ಹಾಕಿಸುವ ಗಂಟೆಗಿಂತಲೂ ನಿದ್ದೆಯ ಪಾಲು ದೊಡ್ಡದು ಎಂಬುದು ನನ್ನ ಅಭಿಪ್ರಾಯ. ಷಿಕಾಗೊದಲ್ಲಿ ಯುವಕರಿಗೆ ಕೆಲವು ರಾತ್ರಿ ನಾಲ್ಕೇ ಗಂಟೆ ನಿದ್ದೆ ಕೊಟ್ಟು ಫ್ಲೂ ಲಸಿಕೆ ಹಾಕಿದಾಗ, ಹತ್ತನೆಯ ದಿನ ಅವರ ಪ್ರತಿಕಾಯ ಚೆನ್ನಾಗಿ ಮಲಗಿದವರ ಅರ್ಧಕ್ಕೂ ಕಡಿಮೆ ಇತ್ತು. ನಿದ್ದೆ ಸರಿಹೋದ ಮೇಲೆ, ಮೂರು ನಾಲ್ಕು ವಾರಕ್ಕೆ ಆ ಅಂತರ ಮುಚ್ಚಿತು. ಜರ್ಮನಿಯಲ್ಲಿ ಹೆಪಟೈಟಿಸ್-ಎ ಲಸಿಕೆ ಹಾಕಿಸಿಕೊಂಡ ರಾತ್ರಿ ಮಲಗಿದವರಲ್ಲಿ, ಆ ರಾತ್ರಿ ಎಚ್ಚರ ಇದ್ದವರಿಗಿಂತ ನಾಲ್ಕು ವಾರದ ನಂತರ ಸುಮಾರು ಎರಡರಷ್ಟು ಪ್ರತಿಕಾಯ ಕಂಡಿತು. ಹಾಗಾಗಿ ಲಸಿಕೆಗೆ ಹಿಂದಿನ ಎರಡು ರಾತ್ರಿ, ಮುಂದಿನ ಎರಡು ರಾತ್ರಿ ನಿದ್ದೆಗೆ ಮೀಸಲಿಡಿ. ಮದುವೆ ಮನೆಯಿಂದ ರಾತ್ರಿ ಬಸ್ಸಿನಲ್ಲಿ ಬಂದಿಳಿದು ನೇರ ಲಸಿಕೆಗೆ ಹೋಗಬೇಡಿ.

ಆರನೆಯದು: ಕಾಯಿಲೆ ಬಂದಾಗ ಗಡಿಯಾರ ನೋಡಿ

ಜ್ವರ ಸಂಜೆಗೆ ಏರುವುದನ್ನು ಅಜ್ಜಿಯರೆಲ್ಲ ಬಲ್ಲರು. ಆರೋಗ್ಯವಂತರಲ್ಲೂ ಮೈಯ ಬಿಸಿ ಬೆಳಗಿನ ಜಾವ ತೀರ ಕಡಿಮೆ, ಸಂಜೆಗೆ ಅದಕ್ಕಿಂತ ಸುಮಾರು ಒಂದು ಡಿಗ್ರಿ ಫ್ಯಾರನ್‌ಹೀಟ್ ಹೆಚ್ಚು. ಬೆಳಿಗ್ಗೆ ಮಗುವಿನ ಹಣೆ ತಣ್ಣಗಿದೆಯೆಂದು ಶಾಲೆಗೆ ಕಳಿಸಿ, ನಾಲ್ಕಕ್ಕೆ ಶಾಲೆಯಿಂದ ಕರೆ ಬರುವುದು ಇದರಿಂದಲೇ. ಜ್ವರ ಬಿಟ್ಟಿದೆ ಎನ್ನುವುದನ್ನು ಸಂಜೆಯ ಅಳತೆಯಿಂದ ತೀರ್ಮಾನಿಸಿ.

ಉಬ್ಬಸ ಇರುವವರಿಗೆ ಬೆಳಗಿನ ಜಾವದ ನಾಲ್ಕು ಗಂಟೆ ಕಷ್ಟದ ಹೊತ್ತು. ಆಗ ಶ್ವಾಸನಾಳಗಳು ಕಿರಿದಾಗಿರುತ್ತವೆ. ಇನ್‌ಹೇಲರ್ ಬೀರುವಿನಲ್ಲಿರಬಾರದು, ಮಲಗಿದಲ್ಲಿಂದ ಕೈಗೆ ಸಿಗಬೇಕು. ಕೆಮ್ಮಿಗೋ ಏದುಸಿರಿಗೋ ರಾತ್ರಿ ಎಚ್ಚರವಾಗುತ್ತಿದೆ ಎಂದರೆ ಉಬ್ಬಸ ಹತೋಟಿಯಲ್ಲಿಲ್ಲ ಎಂದೇ ಅರ್ಥ. ಹಗಲು ಚೆನ್ನಾಗಿದ್ದೇನೆ ಎಂದು ಸುಮ್ಮನಿರದೆ ವೈದ್ಯರಿಗೆ ಹೇಳಿ.

ಔಷಧದ ಹೊತ್ತನ್ನು ಮಾತ್ರ ನೀವೇ ಬದಲಿಸಬೇಡಿ. ಸ್ಟಿರಾಯ್ಡ್ ಮಾತ್ರೆಯನ್ನು ಸಾಮಾನ್ಯವಾಗಿ ಬೆಳಿಗ್ಗೆ ತಿಂಡಿಯ ಜೊತೆ ಕೊಡುವುದು ಮೈಯ ಸ್ವಂತ ಕಾರ್ಟಿಸಾಲ್ ಏರುವ ಹೊತ್ತಿಗೆ ಹೊಂದಲೆಂದು. ಸಂಧಿವಾತಕ್ಕೆಂದೇ, ರಾತ್ರಿ ಹತ್ತಕ್ಕೆ ನುಂಗಿದರೆ ಸುಮಾರು ನಾಲ್ಕು ಗಂಟೆಯ ನಂತರ ಬಿಚ್ಚಿಕೊಳ್ಳುವ ಬಗೆಯನ್ನೂ ರೂಪಿಸಿದ್ದಾರೆ. ಯಾರಿಗೆ ಯಾವುದು ಎಂಬುದು ವೈದ್ಯರ ತೀರ್ಮಾನ. ನಿಮ್ಮ ಕೆಲಸ ಅವರಿಗೆ ಹೊತ್ತಿನ ಲೆಕ್ಕ ಒದಗಿಸುವುದು. "ನೋವಿದೆ" ಎನ್ನುವುದಕ್ಕಿಂತ "ಬೆಳಿಗ್ಗೆ ಐದೂವರೆಗೆ ಎದ್ದಾಗ ಮುಷ್ಟಿ ಕಟ್ಟಲಾಗದು, ಏಳೂಕಾಲಿಗೆ ಸಡಿಲ" ಎಂದರೆ ಅವರಿಗೆ ನೂರು ಪಟ್ಟು ಉಪಯೋಗ. ಅಮ್ಮನ ಡೈರಿಯಲ್ಲಿ ಈಗ ಅಂಥ ಎಂಟು ತಿಂಗಳ ಪುಟಗಳಿವೆ. ಬಿಳಿ ರಕ್ತಕಣಗಳ ಎಣಿಕೆಯನ್ನು ಆಗಾಗ ನೋಡಿಸಬೇಕಾದವರು ಪ್ರತಿ ಸಲವೂ ಒಂದೇ ಹೊತ್ತಿನಲ್ಲಿ ರಕ್ತ ಕೊಡಿ. ಬೆಳಿಗ್ಗೆಯದನ್ನು ಸಂಜೆಯದರ ಪಕ್ಕ ಇಟ್ಟು ಹೋಲಿಸಿದರೆ ಕಾಯಿಲೆಯದಲ್ಲದ ಏರಿಳಿತವೂ ಕಾಯಿಲೆಯಂತೆ ಕಾಣುತ್ತದೆ.

ರಾತ್ರಿ ಪಾಳಿಯವರಿಗೆ

ಇಲ್ಲಿಯವರೆಗೆ ಓದಿದ ರಾತ್ರಿ ಪಾಳಿಯವರಿಗೆ ಬೇಸರವಾಗಿರಬಹುದು. ನನ್ನ ತಂಗಿ ಶುಶ್ರೂಷಕಿ. ತಿಂಗಳಿಗೆ ಹತ್ತು ಹನ್ನೆರಡು ರಾತ್ರಿ ವಾರ್ಡಿನಲ್ಲಿ ಕಳೆಯುತ್ತಾಳೆ. ಬೆಳಿಗ್ಗೆ ಬೇಗ ಏಳಿ ಎಂಬ ಉಪದೇಶ ಅವಳಿಗೆ ಏನು ಪ್ರಯೋಜನ? ರಾತ್ರಿ ಬಸ್ಸಿನ ಚಾಲಕರು, ಕಾರ್ಖಾನೆಯವರು, ಮಾರುಕಟ್ಟೆಯಲ್ಲಿ ಮೂಟೆ ಇಳಿಸುವವರು, ಅಮೆರಿಕದ ಹಗಲಿಗೆ ಬೆಂಗಳೂರಿನ ರಾತ್ರಿಯನ್ನು ಕೊಡುವವರು ಎಲ್ಲರದ್ದೂ ಇದೇ ಕಥೆ. ದಿನಚರಿ ಏರುಪೇರಾಗಿಸುವ ಪಾಳಿ ಕೆಲಸವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲೇ, ಕ್ಯಾನ್ಸರ್ ತರುವ ಸಂಭವವುಳ್ಳವುಗಳ ಪಟ್ಟಿಗೆ ಸೇರಿಸಿತು. ಹೆದರಿಸಲು ಇದನ್ನು ಹೇಳುತ್ತಿಲ್ಲ. ಅವರ ಹಗಲುನಿದ್ದೆಗೆ ಎಷ್ಟು ಬೆಲೆ ಕೊಡಬೇಕು ಎಂದು ಮನೆಯವರಿಗೆ ತಿಳಿಯಲಿ ಎಂದು ಹೇಳುತ್ತಿದ್ದೇನೆ.

ಪಾಳಿಯ ಮೊದಲರ್ಧದಲ್ಲಿ ಬೆಳಕು ಚೆನ್ನಾಗಿರುವ ಕಡೆ ಕೆಲಸ ಮಾಡಿ, ಕೊನೆಯ ಎರಡು ಗಂಟೆ ಸಾಧ್ಯವಾದಷ್ಟು ಮಂದ ಬೆಳಕಿನಲ್ಲಿರಿ. ಹೊರಡುವಾಗ ಕಪ್ಪು ಕನ್ನಡಕ ಹಾಕಿಕೊಂಡರೆ ಬೆಳಗಿನ ಬಿಸಿಲು ಗಡಿಯಾರವನ್ನು ಎಚ್ಚರಕ್ಕೆ ತಿರುಗಿಸುವುದು ತಪ್ಪುತ್ತದೆ. ಆದರೆ ಇದು ಬಸ್ಸಿನಲ್ಲೋ ಆಟೊದಲ್ಲೋ ಬರುವವರಿಗೆ ಮಾತ್ರ. ತೂಕಡಿಕೆ ಇರುವಾಗ ಸ್ಕೂಟರ್ ಓಡಿಸಲೇಬೇಡಿ, ಇಪ್ಪತ್ತು ನಿಮಿಷ ಅಲ್ಲೇ ಕಣ್ಣು ಮುಚ್ಚಿ ಆಮೇಲೆ ಹೊರಡಿ. ಪಾಳಿಗೆ ಹೋಗುವ ಮೊದಲು ಮನೆಯಲ್ಲಿ ಊಟ ಮಾಡಿ. ನಡುರಾತ್ರಿಯಿಂದ ಬೆಳಗಿನವರೆಗೆ ಹೊಟ್ಟೆ ತುಂಬ ಉಣ್ಣಬೇಡಿ. ಹಸಿದರೆ ಒಂದು ಬಾಳೆಹಣ್ಣು, ಒಂದು ಹಿಡಿ ಹುರಿಗಡಲೆ, ಮಜ್ಜಿಗೆ. ರಾತ್ರಿ ಎಚ್ಚರ ಇದ್ದರೂ ಹಗಲು ಮಾತ್ರ ಉಂಡವರಲ್ಲಿ ರಕ್ತದ ಸಕ್ಕರೆ ಏರದೆ ಉಳಿದದ್ದನ್ನು ಹಾರ್ವರ್ಡಿನ ಸಂಶೋಧಕರು 2021ರಲ್ಲಿ ತೋರಿಸಿದ್ದಾರೆ.

ಪಾಳಿಪಟ್ಟಿ ಬರೆಯುವವರು ಇದನ್ನು ಓದುತ್ತಿದ್ದರೆ ಒಂದು ಬೇಡಿಕೆ: ಪಾಳಿ ಮುಂದಕ್ಕೆ ಉರುಳಲಿ. ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ರಾತ್ರಿಗೆ. ಮನುಷ್ಯನ ಗಡಿಯಾರದ ಸುತ್ತು 24 ಗಂಟೆಗಿಂತ ಉದ್ದ ಎಂದೆನಲ್ಲ, ಅದಕ್ಕೆ ತಡವಾದ ಹೊತ್ತಿಗೆ ಸರಿಯುವುದು ಸುಲಭ, ಬೇಗಿನ ಹೊತ್ತಿಗೆ ಕಷ್ಟ. ರಾತ್ರಿ ಪಾಳಿ ಮುಗಿಸಿದ ಬೆಳಿಗ್ಗೆಯೇ ಸಿಬ್ಬಂದಿಗೆ ಲಸಿಕೆ ಹಾಕಿಸುವುದನ್ನೂ ಬಿಡಿ, ಎರಡು ರಾತ್ರಿ ಮಲಗಿ ಎದ್ದು ಬರಲಿ.

ರಜೆಯ ದಿನವೂ ನಿದ್ದೆಯ ಒಂದು ಭಾಗ ಬದಲಾಗದಂತೆ ಇರಿಸಿಕೊಳ್ಳುವುದು ತಂಗಿಗೆ ಬಹಳ ಸಹಾಯ ಮಾಡಿದೆ. ಪಾಳಿಯ ದಿನ ಬೆಳಿಗ್ಗೆ ಎಂಟೂವರೆಯಿಂದ ಮೂರರವರೆಗೆ ಮಲಗುತ್ತಾಳೆ. ಪಾಳಿಗಳ ನಡುವಿನ ರಜೆಯಲ್ಲಿ ರಾತ್ರಿ ತಡವಾಗಿ, ಎರಡೂವರೆಗೆ ಮಲಗಿ ಹತ್ತಕ್ಕೆ ಏಳುತ್ತಾಳೆ. ಎಂಟೂವರೆಯಿಂದ ಹತ್ತು ಎರಡೂ ದಿನ ನಿದ್ದೆಯ ಹೊತ್ತೇ. ಕೋಣೆಯ ಕಿಟಕಿಗೆ ದಪ್ಪ ಪರದೆ ಸಾಲದೆ ಗಾಜಿಗೆ ಕಪ್ಪು ಕಾಗದ ಅಂಟಿಸಿದ್ದೇವೆ. ಬಾಗಿಲ ಸಂದಿಗೆ ಹಳೆಯ ಪಂಚೆ ಸುತ್ತಿ ಇಟ್ಟಿದ್ದೇವೆ. ಫ್ಯಾನಿನ ಸದ್ದು ಬೀದಿಯ ಸದ್ದನ್ನು ಸ್ವಲ್ಪ ಮುಚ್ಚುತ್ತದೆ. ಕುಕ್ಕರ್ ಅವಳು ಎದ್ದ ಮೇಲೆ ಕೂಗುತ್ತದೆ. ಕರೆಗಂಟೆಯ ಮೇಲೆ ಅಮ್ಮ ದಾರಕ್ಕೆ ಕಟ್ಟಿದ ರಟ್ಟೊಂದನ್ನು ತೂಗುಹಾಕುತ್ತಾಳೆ: "ರಾತ್ರಿ ಕೆಲಸ ಮಾಡಿ ಬಂದವರು ಮಲಗಿದ್ದಾರೆ. ದಯವಿಟ್ಟು ಮೂರರ ಮೇಲೆ ಬನ್ನಿ." ಸಿಲಿಂಡರಿನವನಿಗೂ ಕೊರಿಯರಿನವನಿಗೂ ಅದು ಗೊತ್ತು. ತರಕಾರಿ ಗಾಡಿಯವರಂತೂ ನಮ್ಮ ಮನೆಯ ತಿರುವಿಗೆ ಬಂದಾಗ ಮೈಕ್ ಆರಿಸಿ, ಎದುರುಮನೆ ದಾಟಿದ ಮೇಲೆ ಮತ್ತೆ ಹಾಕುತ್ತಾರೆ.